ಹದಿಹರೆಯದವರಿಗೆ ಹಣಕಾಸು ಸಾಕ್ಷರತೆ: ಸಮುದಾಯ ಕಾರ್ಯಕ್ರಮಗಳ ಮೂಲಕ ಕಲಿಕೆ

ಪೀಠಿಕೆ

ಕಲಬುರಗಿ ನಗರದ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಪ್ರತಿನಿತ್ಯ ನಡೆಯುವ ವ್ಯವಹಾರದಲ್ಲಿ ಹದಿಹರೆಯದವರ ಪಾಲು ಕಡಿಮೆಯೇನಲ್ಲ. ತಂದೆ ತಾಯಿಯರ ಅಂಗಡಿ ಅಥವಾ ತಳ್ಳುಗಾಡಿಯ ಬಳಿ ಕುಳಿತು ಚಿಲ್ಲರೆ ಎಣಿಸುವವರು, ಮನೆಯ ಸಾಮಾನು ತರುವವರು, ಹಿರಿಯರ ಮೊಬೈಲ್‌ನಿಂದ ಹಣ ಪಾವತಿಸುವವರು ಬಹುಪಾಲು ಈ ವಯಸ್ಸಿನವರೇ ಆಗಿರುತ್ತಾರೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿಯೂ ರೈತ ಕುಟುಂಬಗಳ ಮಕ್ಕಳು ತೋಟದ ಖರ್ಚು, ಮಾರಾಟ ಮತ್ತು ಸಾಲದ ಮಾತುಗಳನ್ನು ಕೇಳುತ್ತಲೇ ಬೆಳೆಯುತ್ತಾರೆ. ಹಣವನ್ನು ಕೈಯಲ್ಲಿ ಹಿಡಿಯುವ ಅಭ್ಯಾಸವು ಇವರಿಗೆ ಬೇಗನೆ ಆಗುತ್ತದೆಯಾದರೂ, ಅದರ ನಿಯಮಗಳನ್ನು ತಿಳಿಸಿಕೊಡುವವರು ವಿರಳ. ಈ ಕೊರತೆಯನ್ನು ಶಾಲೆಯೊಂದೇ ನೀಗಿಸಲು ಸಾಧ್ಯವಿಲ್ಲವಾದ್ದರಿಂದ ಸಮುದಾಯದ ಸಹಭಾಗಿತ್ವವು ಅವಶ್ಯಕವಾಗಿದೆ.

ಹಿನ್ನೆಲೆ

ಜನರು ಒಟ್ಟಾಗಿ ಹಣಕಾಸಿನ ಶಿಸ್ತನ್ನು ಕಲಿಯುವುದು ಕರ್ನಾಟಕಕ್ಕೆ ಹೊಸದಲ್ಲ. ಗದಗ ಜಿಲ್ಲೆಯ ಕಣಗಿನಹಾಳ ಗ್ರಾಮದಲ್ಲಿ 1905ರಲ್ಲಿಯೇ ಶ್ರೀ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪನೆಯಾಯಿತು. 2000-01ನೇ ಸಾಲಿನಲ್ಲಿ ಪ್ರಾರಂಭವಾದ ಸ್ತ್ರೀಶಕ್ತಿ ಯೋಜನೆಯು ಗ್ರಾಮೀಣ ಮಹಿಳೆಯರಲ್ಲಿ ವಾರದ ಉಳಿತಾಯ, ನಡಾವಳಿ ಪುಸ್ತಕ ಮತ್ತು ಆಂತರಿಕ ಸಾಲದ ರೂಢಿಯನ್ನು ಬೆಳೆಸಿತು. ಭಾರತೀಯ ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಡುಗಡೆ ಮಾಡಿದ 2020-2025ರ ಅವಧಿಯ ರಾಷ್ಟ್ರೀಯ ಹಣಕಾಸು ಶಿಕ್ಷಣ ಕಾರ್ಯತಂತ್ರವೂ ವಿಷಯ, ಸಾಮರ್ಥ್ಯ, ಸಮುದಾಯ, ಸಂವಹನ ಮತ್ತು ಸಹಯೋಗ ಎಂಬ ಐದು ಅಂಶಗಳನ್ನು ಆಧರಿಸಿತ್ತು.

ಕಾರ್ಯಕ್ರಮ ನಡೆಸಬಹುದಾದವರು

ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳ ವಿಶೇಷ ಶಿಬಿರಗಳಿಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಐದು ವರ್ಗಗಳನ್ನು ಗುರುತಿಸಿದೆ. ರೈತರು, ಸಣ್ಣ ಉದ್ಯಮಿಗಳು, ಸ್ವಸಹಾಯ ಸಂಘಗಳು ಮತ್ತು ಹಿರಿಯ ನಾಗರಿಕರ ಜೊತೆಗೆ ಶಾಲಾ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಆದುದರಿಂದ ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಸ್ವಸಹಾಯ ಸಂಘಗಳ ಒಕ್ಕೂಟ, ಯುವಕ ಸಂಘ ಅಥವಾ ವರ್ತಕರ ಸಂಘವು ತಮ್ಮ ಊರಿನ ಬ್ಯಾಂಕ್ ಶಾಖೆಗೆ ಲಿಖಿತ ಕೋರಿಕೆ ಸಲ್ಲಿಸಿ ಶಿಬಿರವನ್ನು ಏರ್ಪಡಿಸಬಹುದು. ಶಾಲೆ ಬಿಟ್ಟ ಮಕ್ಕಳು ಹಾಗೂ ದುಡಿಯುವ ಕುಟುಂಬಗಳ ಮಕ್ಕಳು ಶಾಲಾ ಶಿಬಿರಗಳಿಂದ ಹೊರಗುಳಿಯುವ ಸಂಭವವಿರುವುದರಿಂದ, ಅಂತಹವರಿಗಾಗಿ ಸಂತೆಯ ದಿನ ಅಥವಾ ಸಂಜೆಯ ವೇಳೆಯನ್ನು ಆಯ್ದುಕೊಳ್ಳುವುದು ಸೂಕ್ತ.

ಕಲಿಸಬೇಕಾದ ಮುಖ್ಯ ವಿಷಯಗಳು

1. ಲಾಭದ ನಿಜವಾದ ಲೆಕ್ಕ: ಒಂದು ಉದಾಹರಣೆಯನ್ನು ಗಮನಿಸಬಹುದು. ಹಣ್ಣಿನ ವ್ಯಾಪಾರಿಯೊಬ್ಬರು ರೂ. 1,000ಕ್ಕೆ ಬಾಳೆಹಣ್ಣು ಖರೀದಿಸಿ, ಸಾಗಾಣಿಕೆಗೆ ರೂ. 120 ಹಾಗೂ ಇತರೆ ಖರ್ಚಿಗೆ ರೂ. 30 ವೆಚ್ಚ ಮಾಡಿ, ಸಂಜೆಯ ವೇಳೆಗೆ ಒಟ್ಟು ರೂ. 1,300 ವಸೂಲು ಮಾಡುತ್ತಾರೆ. ಲಾಭವೆಷ್ಟು ಎಂದು ಕೇಳಿದರೆ ಮಕ್ಕಳು ಸಾಮಾನ್ಯವಾಗಿ ರೂ. 300 ಎನ್ನುವರು, ವಾಸ್ತವವಾಗಿ ಅದು ರೂ. 150 ಮಾತ್ರ. ಬಂಡವಾಳದ ರೂ. 1,000ವನ್ನು ಬೆಳಿಗ್ಗೆ ಸಾಲ ಪಡೆದು ಸಂಜೆ ರೂ. 1,100 ಹಿಂದಿರುಗಿಸಬೇಕಾದಲ್ಲಿ ಉಳಿಯುವುದು ಕೇವಲ ರೂ. 50. ಅಂದರೆ ದಿನವಿಡೀ ದುಡಿದ ಲಾಭದ ಮೂರರಲ್ಲಿ ಎರಡು ಭಾಗವು ಸಾಲ ಕೊಟ್ಟವರ ಪಾಲಾಗುತ್ತದೆ. ಬೀದಿ ಬದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಪಿ.ಎಂ. ಸ್ವನಿಧಿ ಯೋಜನೆಯನ್ನು ಆರಂಭಿಸಲು ಇಂತಹ ಸಾಲದ ಹೊರೆಯೇ ಒಂದು ಕಾರಣವಾಗಿದ್ದು, ಅದರ ಮೊದಲ ಕಂತಿನ ಸಾಲದ ಮಿತಿಯನ್ನು 2025ರಲ್ಲಿ ರೂ. 10,000ದಿಂದ ರೂ. 15,000ಕ್ಕೆ ಹೆಚ್ಚಿಸಲಾಗಿದೆ.

2. ಬಡ್ಡಿಯ ಭಾಷೆ: ಊರಿನ ಮಾತಿನಲ್ಲಿ "ಮೂರು ರೂಪಾಯಿ ಬಡ್ಡಿ" ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಬ್ಯಾಂಕುಗಳು ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತವೆ. ಈ ಎರಡರ ವ್ಯತ್ಯಾಸ ತಿಳಿಯದವರಿಗೆ ಬ್ಯಾಂಕಿನ ಶೇ. 12ರ ಬಡ್ಡಿಗಿಂತ ಮೂರು ರೂಪಾಯಿ ಬಡ್ಡಿಯೇ ಅಗ್ಗವೆಂದು ತೋರುತ್ತದೆ. ವಾಸ್ತವದಲ್ಲಿ ಅದು ವರ್ಷಕ್ಕೆ ಶೇ. 36 ಆಗುತ್ತದೆ. ರೂ. 10,000 ಸಾಲಕ್ಕೆ ವರ್ಷದ ಬಡ್ಡಿ ರೂ. 3,600, ಪ್ರತಿ ತಿಂಗಳ ಬಡ್ಡಿಯನ್ನು ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದಲ್ಲಿ ಹನ್ನೆರಡು ತಿಂಗಳಿಗೆ ಒಟ್ಟು ಬಾಕಿಯು ಸುಮಾರು ರೂ. 14,258 ಆಗುತ್ತದೆ. ಈ ಒಂದು ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಕಪ್ಪು ಹಲಗೆಯ ಮೇಲೆ ಮಾಡಿಸತಕ್ಕದ್ದು.

3. ಸ್ವಂತ ಖಾತೆ: ರಿಸರ್ವ್ ಬ್ಯಾಂಕಿನ 2025ರ ಪರಿಷ್ಕೃತ ಸೂಚನೆಗಳ ಪ್ರಕಾರ 10 ವರ್ಷಕ್ಕೆ ಕಡಿಮೆಯಿಲ್ಲದ ಅಪ್ರಾಪ್ತ ವಯಸ್ಕರು ಇಚ್ಛಿಸಿದಲ್ಲಿ, ಬ್ಯಾಂಕು ನಿಗದಿಪಡಿಸುವ ಮಿತಿಗೊಳಪಟ್ಟು, ಉಳಿತಾಯ ಹಾಗೂ ಅವಧಿ ಠೇವಣಿ ಖಾತೆಗಳನ್ನು ಸ್ವತಂತ್ರವಾಗಿ ತೆರೆದು ನಿರ್ವಹಿಸಬಹುದು. ಅಂಚೆ ಕಚೇರಿಯಲ್ಲಿಯೂ 10 ವರ್ಷ ಮೀರಿದವರು ತಮ್ಮ ಹೆಸರಿನಲ್ಲಿ ಉಳಿತಾಯ ಖಾತೆ ಹೊಂದಲು ಅವಕಾಶವಿದೆ. 18 ವರ್ಷ ತುಂಬಿದ ನಂತರ ಹೊಸ ಮಾದರಿ ಸಹಿ ಮತ್ತು ಸೂಚನೆಗಳನ್ನು ಬ್ಯಾಂಕಿಗೆ ಸಲ್ಲಿಸಬೇಕು. ಇದನ್ನು ಮುಂದೂಡಿದಲ್ಲಿ ವಿದ್ಯಾರ್ಥಿವೇತನವನ್ನು ಪಡೆಯುವ ಸಮಯದಲ್ಲಿ ತೊಂದರೆಯಾಗಬಹುದು. ಸುಕನ್ಯಾ ಸಮೃದ್ಧಿ ಖಾತೆಯಿರುವ ಹೆಣ್ಣುಮಕ್ಕಳು 18 ವರ್ಷದ ನಂತರ ಆ ಖಾತೆಯನ್ನು ತಾವೇ ನಿರ್ವಹಿಸುವ ಹಕ್ಕುಳ್ಳವರು ಎಂಬುದನ್ನೂ ತಿಳಿಸತಕ್ಕದ್ದು.

4. ಠೇವಣಿಯ ಸುರಕ್ಷತೆ: ವಿಮೆಗೊಳಪಟ್ಟ ವಾಣಿಜ್ಯ ಹಾಗೂ ಸಹಕಾರಿ ಬ್ಯಾಂಕುಗಳಲ್ಲಿ ಪ್ರತಿ ಠೇವಣಿದಾರರಿಗೆ, ಒಂದು ಬ್ಯಾಂಕಿಗೆ ರೂ. 5 ಲಕ್ಷದವರೆಗೆ ಠೇವಣಿ ವಿಮೆಯಿರುತ್ತದೆ. ಈ ಮಿತಿಯು 2020ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಪರಿಚಯಸ್ಥರೆಂಬ ಕಾರಣಕ್ಕೆ ನೋಂದಣಿಯಿಲ್ಲದ ಚೀಟಿಗೆ ಅಥವಾ ಹಣ ದುಪ್ಪಟ್ಟಾಗುವುದೆಂಬ ಯೋಜನೆಗೆ ಕಟ್ಟಿದ ಹಣಕ್ಕೆ ಇಂತಹ ವಿಮೆಯಿಲ್ಲ. ಚೀಟಿ ವ್ಯವಹಾರಕ್ಕೆ 1982ರ ಚೀಟಿ ನಿಧಿ ಕಾಯ್ದೆಯು ಅನ್ವಯಿಸುತ್ತದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕಾಯ್ದೆಯು ನಿಷೇಧಿಸಿದೆ.

5. ಮೊಬೈಲ್ ಪಾವತಿ: ಯು.ಪಿ.ಐ. ವ್ಯವಸ್ಥೆಯಲ್ಲಿ ಪಿನ್ ಸಂಖ್ಯೆಯನ್ನು ಹಣ ಕಳುಹಿಸಲು ನಮೂದಿಸಬೇಕೇ ಹೊರತು ಹಣ ಪಡೆಯಲು ಅಲ್ಲ. "ಹಣ ಬರಲು ಪಿನ್ ಒತ್ತಿ" ಎನ್ನುವವರು ವಂಚಕರೆಂದೇ ತಿಳಿಯಬೇಕು. ಒ.ಟಿ.ಪಿ.ಯನ್ನು ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ ತಿಳಿಸಬಾರದು.

6. ಖಾತೆಯನ್ನು ಎರವಲು ನೀಡದಿರುವುದು: ಸ್ವಲ್ಪ ಹಣದ ಆಸೆ ತೋರಿಸಿ, ವಿದ್ಯಾರ್ಥಿಗಳ ಪಾಸ್ ಪುಸ್ತಕ, ಎ.ಟಿ.ಎಂ. ಕಾರ್ಡ್ ಮತ್ತು ಸಿಮ್ ಪಡೆದು, ವಂಚನೆಯ ಹಣವನ್ನು ಆ ಖಾತೆಗಳ ಮೂಲಕ ಸಾಗಿಸುವ ಜಾಲಗಳಿವೆ. ತನಿಖೆಯಲ್ಲಿ ಮೊದಲು ಸಿಗುವುದು ಖಾತೆದಾರರ ಹೆಸರು. ಖಾತೆ ಸ್ಥಗಿತಗೊಂಡು ವಿದ್ಯಾರ್ಥಿವೇತನ ಸಿಗದಿರುವುದಲ್ಲದೆ, ಪೊಲೀಸ್ ಪ್ರಕರಣವನ್ನೂ ಎದುರಿಸಬೇಕಾಗಬಹುದು. "ನನಗೆ ತಿಳಿದಿರಲಿಲ್ಲ" ಎಂಬ ಉತ್ತರವು ಆ ಸಮಯದಲ್ಲಿ ಹೆಚ್ಚು ನೆರವಾಗದು. ಶಿಬಿರದಲ್ಲಿ ಸಮಯದ ಅಭಾವವಿದ್ದಲ್ಲಿ ಉಳಿದ ವಿಷಯಗಳನ್ನು ಸಂಕ್ಷಿಪ್ತಗೊಳಿಸಿಯಾದರೂ ಈ ವಿಷಯವನ್ನು ವಿವರವಾಗಿ ತಿಳಿಸತಕ್ಕದ್ದು.

ಮಾರುಕಟ್ಟೆಯೇ ಪಾಠಶಾಲೆ

ಉಪನ್ಯಾಸಕ್ಕಿಂತ ಪ್ರಾತ್ಯಕ್ಷಿಕೆಯು ಈ ವಯಸ್ಸಿನವರಿಗೆ ಹೆಚ್ಚು ಉಪಯುಕ್ತ. ನಗರದ ಮಕ್ಕಳನ್ನು ಐದೈದು ಜನರ ತಂಡಗಳಾಗಿ ಸೂಪರ್ ಮಾರ್ಕೆಟ್‌ಗೆ ಕರೆದೊಯ್ದು, ಒಂದೇ ದಿನಸಿಯ ಬಿಡಿ ದರ, ಪೊಟ್ಟಣದ ದರ, ನಿವ್ವಳ ತೂಕ ಹಾಗೂ ಗರಿಷ್ಠ ಚಿಲ್ಲರೆ ಬೆಲೆಯನ್ನು ಬರೆದುಕೊಳ್ಳಲು ಸೂಚಿಸಬಹುದು. ಪ್ರತಿ ಕಿಲೋಗೆ ದರವನ್ನು ಕಂಡುಹಿಡಿದಾಗ ಯಾವುದು ಅಗ್ಗವೆಂಬುದು ಸ್ಪಷ್ಟವಾಗುತ್ತದೆ. ಕಮಲಾಪುರದ ಮಕ್ಕಳು ಬಾಳೆಗೊನೆಗೆ ತೋಟದಲ್ಲಿ ಸಿಗುವ ದರ, ಸಾಗಾಣಿಕೆ, ದಲಾಲಿ, ಹಾಳಾಗುವ ಹಣ್ಣು ಮತ್ತು ನಗರದ ಮಾರಾಟ ದರವನ್ನು ವಿಚಾರಿಸಿ ಪಟ್ಟಿ ಮಾಡಬಹುದು. ಬಳಿಕ ಎರಡೂ ತಂಡಗಳು ತಮ್ಮ ಪಟ್ಟಿಗಳನ್ನು ಹೋಲಿಸಿದಲ್ಲಿ, ಗ್ರಾಹಕರು ಕೊಡುವ ರೂಪಾಯಿಯಲ್ಲಿ ರೈತರಿಗೆ ತಲುಪುವುದೆಷ್ಟು ಎಂಬುದು ಮಕ್ಕಳಿಗೇ ತಿಳಿಯುತ್ತದೆ. ವ್ಯಾಪಾರದ ವೇಳೆಗೆ ಅಡಚಣೆಯಾಗದಂತೆ ವರ್ತಕರ ಪೂರ್ವಾನುಮತಿ ಪಡೆಯುವುದು ಅವಶ್ಯ.

ಪೋಷಕರ ಗಮನಕ್ಕೆ

ಮನೆಯ ಸಾಲದ ವಿಷಯವನ್ನು ಮಕ್ಕಳಿಂದ ಮುಚ್ಚಿಡುವುದು ವಾಡಿಕೆ. ಆದರೆ ಕಷ್ಟದ ಕಾಲದಲ್ಲಿ ಶಾಲೆ ಬಿಟ್ಟು ದುಡಿಮೆಗಾಗಿ ಹೈದರಾಬಾದ್ ಅಥವಾ ಮುಂಬಯಿಗೆ ಹೊರಡುವ ಪ್ರಸಂಗ ಬಂದಾಗ ಅದರ ಹೊರೆಯನ್ನು ಹೊರುವವರೂ ಅವರೇ. ತಿಂಗಳಿಗೊಮ್ಮೆ ಮಕ್ಕಳ ಜೊತೆ ಕುಳಿತು ಮನೆಯ ಆದಾಯ, ಖರ್ಚು ಮತ್ತು ಬಾಕಿಯನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯಿಸುವುದು ಉತ್ತಮ. ಇದಕ್ಕೆ ಯಾವುದೇ ವೆಚ್ಚವಿಲ್ಲ. ಶಿಬಿರದಲ್ಲಿ ಕಲಿತದ್ದು ಮನೆಯಲ್ಲಿ ಬಳಕೆಯಾದಾಗ ಮಾತ್ರ ಉಳಿಯುತ್ತದೆ.

ಸಂಪರ್ಕ

- ಶಿಬಿರ ಏರ್ಪಡಿಸಲು: ಸಮೀಪದ ಬ್ಯಾಂಕ್ ಶಾಖೆ, ಆರ್ಥಿಕ ಸಾಕ್ಷರತಾ ಕೇಂದ್ರ ಅಥವಾ ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಕಚೇರಿ.
- ಆನ್‌ಲೈನ್ ವಂಚನೆಗೆ ಒಳಗಾದಲ್ಲಿ: ಸಹಾಯವಾಣಿ 1930. ವಿಳಂಬವಾದಷ್ಟೂ ಹಣ ಮರಳುವ ಸಾಧ್ಯತೆ ಕಡಿಮೆಯಾಗುವುದರಿಂದ ತಕ್ಷಣವೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.
- ಬ್ಯಾಂಕಿಗೆ ನೀಡಿದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ: ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆ, ಮಾಹಿತಿಗಾಗಿ 14448.

ಸಂಘ ಸಂಸ್ಥೆಗಳು, ಶಿಕ್ಷಕರು ಹಾಗೂ ಪೋಷಕರು ಮೇಲಿನ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.