ವೀಡಿಯೋ ಕಡತದ ಆಧಾರಾಧೇಯವಿಚಾರ

ಒಂದು ಗಣಕಯಂತ್ರದಲ್ಲಿ ನಿರ್ವಿಘ್ನವಾಗಿ ನಡೆಯುವ ವೀಡಿಯೋ ಕಡತವು ಮತ್ತೊಂದರಲ್ಲಿ ಧ್ವನಿಯನ್ನು ಮಾತ್ರ ಕೇಳಿಸಿ, ಚಿತ್ರವನ್ನು ತೋರದೆ ನಿಲ್ಲುವುದುಂಟು. ಕಡತವೇ ಕೆಟ್ಟಿತೆಂದು ಬಗೆದು ಅದನ್ನು ಅಳಿಸಿಬಿಡುವವರೂ ಇದ್ದಾರೆ. ಯಕ್ಷಗಾನದ ಪ್ರಸಂಗ, ಗತಿಸಿದ ವಿದ್ವಾಂಸರ ಉಪನ್ಯಾಸ ಮೊದಲಾದ, ಮತ್ತೆ ದೊರೆಯದ ಚಿತ್ರೀಕರಣಗಳು ಹೀಗೆ ನಷ್ಟವಾಗುವುದು ಶೋಚನೀಯ. ಆಧಾರವನ್ನೂ ಆಧೇಯವನ್ನೂ ಒಂದೆಂದು ಭ್ರಮಿಸುವುದೇ ಇದಕ್ಕೆ ಮೂಲ.

ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಈ ಭೇದವು ಸುಲಭವಾಗಿ ತಿಳಿಯುವುದು. ಹಲಗೆಗಳೂ ಗರಿಗಳನ್ನು ಪೋಣಿಸಿದ ದಾರವೂ ಒಂದು. ಗರಿಯ ಮೇಲಿನ ಲಿಪಿಯು ಇನ್ನೊಂದು. ಕಟ್ಟನ್ನು ಬಿಚ್ಚಬಲ್ಲವನಾದರೂ ತಿಗಳಾರಿಯನ್ನೋ ನಂದಿನಾಗರಿಯನ್ನೋ ಅರಿಯದವನು ಆ ಲಿಪಿಯ ಗ್ರಂಥವನ್ನು ಓದಲಾರನು. ವೀಡಿಯೋ ಕಡತದಲ್ಲಿ ಹಲಗೆ ದಾರಗಳ ಸ್ಥಾನದಲ್ಲಿರುವುದು ಕಂಟೇನರ್. ಅದು ಚಿತ್ರ, ಧ್ವನಿ, ಉಪಶೀರ್ಷಿಕೆ ಇವುಗಳ ಪ್ರವಾಹಗಳನ್ನು ಕಾಲಕ್ರಮವು ತಪ್ಪದಂತೆ ಒಂದುಗೂಡಿಸುತ್ತದೆ. ಲಿಪಿಯ ಸ್ಥಾನದಲ್ಲಿರುವುದು ಕೋಡೆಕ್. ಚಿತ್ರವನ್ನೂ ಧ್ವನಿಯನ್ನೂ ಸಂಕೋಚಗೊಳಿಸಿ ಅಂಕಿಗಳಾಗಿ ಬರೆಯುವ ಮತ್ತು ಮರಳಿ ಬಿಡಿಸುವ ಕ್ರಮಕ್ಕೆ ಆ ಹೆಸರು. ಪ್ಲೇಯರ್ ಎಂಬ ತಂತ್ರಾಂಶವೇ ಓದುಗನು. ಅವನಿಗೆ ಎರಡೂ ತಿಳಿದಿರಬೇಕು. ಕಡತದ ಹೆಸರಿನ ಕೊನೆಗೆ ಕಾಣುವ ಎವಿಐ, ಎಂಪಿ೪, ಎಂಕೆವಿ ಎಂಬ ಅಕ್ಷರಗಳು ಕಟ್ಟನ್ನು ಸೂಚಿಸುವುವೇ ಹೊರತು ಲಿಪಿಯನ್ನಲ್ಲ. ಆ ಅಕ್ಷರಗಳನ್ನು ತಿದ್ದಿ ಕಡತವನ್ನು ನಡೆಯಿಸಲೆಳಸುವುದು, ಹಲಗೆಗೆ ಬೇರೆ ಚೀಟಿಯನ್ನು ಅಂಟಿಸಿ ಲಿಪಿಯೇ ಬದಲಾಯಿತೆಂದು ಭಾವಿಸಿದಂತೆ. ಎಂಪಿ೪ ಕಟ್ಟಿನೊಳಗೆ ೨೦೦೩ರ ಎಚ್.೨೬೪ ಇರಬಹುದು, ೨೦೧೩ರ ಎಚ್.೨೬೫ ಸಹ ಇರಬಹುದು. ‘ಎಂಪಿ೪ ಕಡತವನ್ನೇ ಕಳುಹಿಸತಕ್ಕದ್ದು’ ಎಂಬ ಸೂಚನೆಯು ಆದಕಾರಣ ಅರ್ಧಸೂಚನೆಯೇ ಸರಿ.

ಇಂಟೆಲ್ ಸಂಸ್ಥೆಯ ಇಂಡಿಯೋ ಎಂಬ ಕೋಡೆಕ್ಕಿನ ವೃತ್ತಾಂತವು ಇಲ್ಲಿ ಗಮನಾರ್ಹ. ಮೈಕ್ರೋಸಾಫ್ಟ್ ಸಂಸ್ಥೆಯು ೧೯೯೨ರಲ್ಲಿ ಬಳಕೆಗೆ ತಂದ ಎವಿಐ ಕಟ್ಟಿನೊಳಗೆ, ಆ ದಶಕದಲ್ಲಿ, ಇದರಿಂದ ಬರೆದ ಚಿತ್ರಗಳು ಬಹಳವಾಗಿದ್ದುವು. ೨೦೦೯ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ಭದ್ರತೆಯ ಕಾರಣದಿಂದ, ವಿಂಡೋಸ್ ಎಕ್ಸ್‌ಪಿ ಮೊದಲಾದವುಗಳಲ್ಲಿ ತನ್ನ ಪ್ಲೇಯರು ಇಂಡಿಯೋವನ್ನು ಬಿಡಿಸದಂತೆ ತಡೆಯಿತು. ಕಡತಗಳಲ್ಲಿ ಒಂದಂಕಿಯೂ ಬದಲಾಗಲಿಲ್ಲ. ಓದುಗನಿಗೆ ಲಿಪಿಯು ಮರೆತುಹೋಯಿತು, ಅಷ್ಟೆ. ೨೦೦೦ದಲ್ಲಿ ಆರಂಭವಾದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶವು ಇಂಡಿಯೋವನ್ನು ಇಂದಿಗೂ ಬಿಡಿಸಬಲ್ಲುದು. ಅದನ್ನಾಶ್ರಯಿಸಿದ ವಿಎಲ್‌ಸಿ ಪ್ಲೇಯರು ಕೋಡೆಕ್ಕುಗಳನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಯಂತ್ರದ ಹಂಗಿಗೆ ಒಳಗಾಗದು.

ಪರಿವರ್ತನೆಯಲ್ಲಿಯೂ ಈ ಭೇದವನ್ನೇ ಅನುಸರಿಸಬೇಕು. ಎಂಕೆವಿಯಲ್ಲಿರುವ ಎಚ್.೨೬೪ ಚಿತ್ರವನ್ನು ಹಾಗೆಯೇ ಎಂಪಿ೪ಕ್ಕೆ ಸಾಗಿಸಬಹುದು. ಇದು ಗರಿಗಳನ್ನು ಬೇರೆ ಹಲಗೆಗಳ ನಡುವೆ ಕಟ್ಟಿದಂತೆ, ಚಿತ್ರಕ್ಕೆ ಹಾನಿಯಿಲ್ಲ. ಎಲ್ಲ ಕಟ್ಟುಗಳೂ ಎಲ್ಲ ಲಿಪಿಗಳನ್ನು ಒಳಗೊಳ್ಳವು. ೨೦೧೦ರ ವೆಬ್‌ಎಂ ಕಟ್ಟಿಗೆ ಎಚ್.೨೬೪ ವರ್ಜ್ಯ. ಅಂಥಲ್ಲಿ ಕೋಡೆಕ್ಕನ್ನೇ ಬದಲಾಯಿಸಬೇಕಾಗುವುದು. ಅದು ಲಿಪ್ಯಂತರ. ಸಾಮಾನ್ಯ ಕೋಡೆಕ್ಕುಗಳು ಸಂಕೋಚಕ್ಕಾಗಿ ಚಿತ್ರದ ಸೂಕ್ಷ್ಮಾಂಶಗಳನ್ನು ತೊರೆಯುವುದರಿಂದ, ಪ್ರತಿಯಿಂದ ಪ್ರತಿಗೆ ಲಿಪಿಕಾರನ ಸ್ಖಾಲಿತ್ಯಗಳು ಹೆಚ್ಚುವಂತೆ, ಇಲ್ಲಿಯೂ ಲೋಪವು ಬೆಳೆಯುವುದು. ಆದಕಾರಣ ಮೂಲಪ್ರತಿಯನ್ನು ತ್ಯಜಿಸಬಾರದು. ಹಳೆಯ ಟೇಪುಗಳಿಂದ ಹೊಸದಾಗಿ ಕಡತಗಳನ್ನು ಮಾಡುವವರಿಗೆ, ಏನನ್ನೂ ತೊರೆಯದ ಎಫ್‌ಎಫ್‌ವಿ೧ ಎಂಬ ಕೋಡೆಕ್ಕು ಮತ್ರೋಸ್ಕಾ, ಅಂದರೆ ಎಂಕೆವಿ, ಕಟ್ಟಿನೊಡನೆ ಉಪಯುಕ್ತ. ಇವೆರಡರ ಲಕ್ಷಣಗಳೂ ೨೦೨೧ ಮತ್ತು ೨೦೨೪ರಲ್ಲಿ ಕ್ರಮವಾಗಿ ಸಾರ್ವಜನಿಕ ಲೇಖಗಳಾಗಿ ಪ್ರಕಟವಾಗಿವೆ. ಮುಂದೆ ಓದುಗನು ಇಲ್ಲವಾದರೂ ಅವುಗಳ ಆಧಾರದಿಂದ ಹೊಸ ಓದುಗನನ್ನು ರಚಿಸಬಹುದು.