ಪಳಗಿದ ಆನೆಯೂ ಕಾಡಾನೆಯೇ

2023ರ ಏಪ್ರಿಲಿನಲ್ಲಿ ನಮ್ಮ ತಾಳವಾಡಿ ಸೀಮೆಯಲ್ಲಿ ಬೆಳೆ ಹಾಳುಗೆಡಹುತ್ತಿದ್ದ ‘ಕರುಪ್ಪನ್’ ಎಂಬ ಕಾಡಾನೆಯನ್ನು ಕುಮ್ಕಿಗಳ ನೆರವಿನಿಂದ ಹಿಡಿದರು. ‘ಪಳಗಿದ ಆನೆ ತಾನೆ?’ ಎಂದು ಕುಮ್ಕಿಗಳ ಬಳಿ ಸಾರುವವರು ನಮ್ಮಲ್ಲುಂಟು. ಇದು ತರವಲ್ಲ.

ದನ ಎಮ್ಮೆಗಳು ಸಾವಿರಾರು ವರ್ಷ ನಮ್ಮ ಕೊಟ್ಟಿಗೆಯಲ್ಲಿ ತಲೆಮಾರು ಕಳೆದು ಸಾಧುವಾದುವು. ಆನೆ ಹಾಗಲ್ಲ, ಪಳಗಿಸಿದರೂ ಅದರ ಸ್ವಭಾವ ಕಾಡಿನದೇ. ಗಂಡಾನೆಗೆ ಮದವೇರಿದಾಗ ಕಣ್ಣು ಕಿವಿಗಳ ನಡುವಿನಿಂದ ರಸ ಸೋರುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ. ಆಗ ಅದು ವರ್ಷಗಟ್ಟಲೆ ಮೇವಿಕ್ಕಿದ ಮಾವುತನನ್ನೂ ಲೆಕ್ಕಿಸದು. ಆದುದರಿಂದ ಶಿಬಿರಗಳಲ್ಲಿ ಮದವಿಳಿಯುವ ತನಕ ಸರಪಳಿ ಬಿಗಿದು ದೂರದಿಂದಲೇ ಮೇವು ನೀರು ಕೊಡುತ್ತಾರೆ.

ಕಾಡಾನೆ ಹಿಡಿಯುವಾಗಿನ ಅಪಾಯ ಇನ್ನೂ ಹೆಚ್ಚು. ಮೈಸೂರು ದಸರೆಯಲ್ಲಿ 8 ಸಲ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆಯೊಡನೆ ಕಾದಾಡಿ ಅಸುನೀಗಿತು. ಅಂಥ ಆನೆಗೇ ಈ ಗತಿಯೆಂದ ಮೇಲೆ ಅದರ ಬೆನ್ನ ಮೇಲಿನ ಮಾವುತನ ಪಾಡೇನು?

ಕುಮ್ಕಿ ಊರಿಗೆ ಬಂದಾಗ ಮಕ್ಕಳನ್ನು ಹತ್ತಿರ ಬಿಡಬಾರದು. ಬಾಳೆಹಣ್ಣು, ಬೆಲ್ಲ ನೀಡಹೋಗಬಾರದು. ನಾಯಿಗಳನ್ನು ಕಟ್ಟಿಹಾಕತಕ್ಕದ್ದು. ಮಾವುತ ಕೈಬೀಸಿದರೆ ಹಿಂದೆ ಸರಿಯತಕ್ಕದ್ದು. ಹೋದ ಬೆಳೆಯನ್ನು ಮರುವರ್ಷ ಬಿತ್ತಬಹುದು. ಹೋದ ಜೀವವನ್ನು ಬಿತ್ತಲಾದೀತೆ?