ಅಲಂಕಾರಿಕ ಮೇಣದ ಬತ್ತಿಗೆ ನ್ಯಾಯವಾದ ಬೆಲೆ

ಮುಂಬಯಿಯ ಬಾಂದ್ರಾ ಗುಡ್ಡದ ಮೇಲಿರುವ ಮೌಂಟ್ ಮೇರಿ ಚರ್ಚಿನ ಜಾತ್ರೆ ಪ್ರತಿವರ್ಷ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುತ್ತದೆ. ಆ ದಿನಗಳಲ್ಲಿ ಚರ್ಚಿಗೆ ಹೋಗುವ ದಾರಿಯ ಅಂಗಡಿಗಳಲ್ಲಿ ಸಾಮಾನ್ಯ ಮೇಣದ ಬತ್ತಿಗಳ ಜೊತೆಗೆ ಕೈ, ಕಾಲು, ಮಗು, ಮನೆ ಮುಂತಾದ ಆಕಾರಗಳಲ್ಲಿ ಎರಕ ಹೊಯ್ದ ಮೇಣದ ವಸ್ತುಗಳು ಮಾರಾಟಕ್ಕಿರುತ್ತವೆ. ಕಾಲುನೋವು ಗುಣವಾಗಲೆಂದು ಹರಕೆ ಹೊತ್ತವರು ಮೇಣದ ಕಾಲನ್ನೂ, ಸ್ವಂತ ಸೂರನ್ನು ಬಯಸುವವರು ಮೇಣದ ಮನೆಯನ್ನೂ ಅರ್ಪಿಸುತ್ತಾರೆ. ಹೀಗೆ ಬರುವವರಲ್ಲಿ ಎಲ್ಲ ಮತಗಳ ಜನರೂ ಇರುತ್ತಾರೆ. ಇವರಲ್ಲಿ ಯಾರೂ ಬೆಳಕಿಗಾಗಿ ಮೇಣವನ್ನು ಕೊಳ್ಳುತ್ತಿರುವುದಿಲ್ಲ. ಅವರು ಕೊಳ್ಳುವುದು ಆಕಾರವನ್ನು, ಆ ಆಕಾರ ಸೂಚಿಸುವ ಅರ್ಥವನ್ನು.

ದೀಪಾವಳಿಗೆ ಕಮಲದ ಆಕಾರದ ಬತ್ತಿ, ಕ್ರಿಸ್‌ಮಸ್‌ಗೆ ನಕ್ಷತ್ರ, ಮಕ್ಕಳ ಹುಟ್ಟುಹಬ್ಬಕ್ಕೆ ಅಂಕಿಯ ಆಕಾರದ ಪುಟ್ಟ ಬತ್ತಿ, ಉಡುಗೊರೆಗೆ ಸುಗಂಧದ ಗುಲಾಬಿ: ಇವೆಲ್ಲವೂ ಇದೇ ವರ್ಗಕ್ಕೆ ಸೇರಿದವು. ಅಲ್ಪ ಬಂಡವಾಳದಿಂದ, ಅಡುಗೆಮನೆಯ ಒಂದು ಮೂಲೆಯಲ್ಲಿಯೇ ಆರಂಭಿಸಬಹುದಾದ ಉದ್ಯೋಗವಾದುದರಿಂದ ಮಹಾನಗರಗಳಲ್ಲಿ ಅನೇಕ ಮಹಿಳೆಯರೂ ಸ್ವಸಹಾಯ ಗುಂಪುಗಳೂ ಇದನ್ನು ಕೈಗೊಂಡಿದ್ದಾರೆ. ಆದರೆ ಬತ್ತಿಯನ್ನು ತಯಾರಿಸುವ ಕೌಶಲವನ್ನು ಕಲಿತಷ್ಟು ಶ್ರದ್ಧೆಯಿಂದ ಅದಕ್ಕೆ ಬೆಲೆ ಕಟ್ಟುವ ಕ್ರಮವನ್ನು ಕಲಿಯುವವರು ಕಡಿಮೆ. ಪರಿಣಾಮವಾಗಿ, ಲಾಭವಾಯಿತೆಂದು ಭಾವಿಸಿಕೊಂಡೇ ನಷ್ಟದಲ್ಲಿ ದುಡಿಯುವ ಪರಿಸ್ಥಿತಿ ಉಂಟಾಗುತ್ತದೆ.

ತೂಕದ ಲೆಕ್ಕ ಏಕೆ ಸಾಲದು

ಸಾದಾ ಮೇಣದ ಬತ್ತಿಯನ್ನು ತೂಕದ ಆಧಾರದ ಮೇಲೆ ಮಾರುವುದು ಹಳೆಯ ರೂಢಿ. ಮೇಣದ ಬತ್ತಿಯ ತಯಾರಿಕೆ ದೀರ್ಘಕಾಲ ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿತ್ತು. ಉಪ್ಪಿನಕಾಯಿ, ಬೆಂಕಿಕಡ್ಡಿ, ಅಗರಬತ್ತಿ, ಗಾಜಿನ ಬಳೆ ಮುಂತಾದವುಗಳೊಡನೆ ಮೀಸಲು ಪಟ್ಟಿಯಲ್ಲಿ ಕೊನೆಯವರೆಗೂ ಉಳಿದಿದ್ದ 20 ವಸ್ತುಗಳಲ್ಲಿ ಅದೂ ಒಂದು. 2015ರ ಏಪ್ರಿಲ್‌ನಲ್ಲಿ ಈ ಮೀಸಲಾತಿ ರದ್ದಾಯಿತು. ಯಂತ್ರದಿಂದ ಸಾವಿರಗಟ್ಟಲೆ ಹೊರಬರುವ ಸಾದಾ ಬತ್ತಿಯೊಡನೆ ತೂಕದ ಬೆಲೆಯಲ್ಲಿ ಸ್ಪರ್ಧಿಸುವುದು ಮನೆಯಲ್ಲಿ ಕುಳಿತು ದುಡಿಯುವವರಿಗೆ ಸಾಧ್ಯವಿಲ್ಲ. ಅದರ ಅಗತ್ಯವೂ ಇಲ್ಲ.

ಅಲಂಕಾರಿಕ ಬತ್ತಿಯ ವಿಷಯವೇ ಬೇರೆ. ನೂರು ಗ್ರಾಂ ತೂಗುವ ಸಾದಾ ಬತ್ತಿಗೂ ಅಷ್ಟೇ ತೂಕದ ಎರಡು ಬಣ್ಣದ ಕಮಲಕ್ಕೂ ಬೇಕಾಗುವ ಮೇಣ ಒಂದೇ. ವ್ಯತ್ಯಾಸವಿರುವುದು ಅಚ್ಚಿನಲ್ಲಿ, ಬಣ್ಣದಲ್ಲಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕೈಕೆಲಸದಲ್ಲಿ. ಆದುದರಿಂದ ಮೇಣದ ತೂಕವನ್ನು ನೋಡಿ ಬೆಲೆ ಕಟ್ಟಿದರೆ ಕೈಕೆಲಸಕ್ಕೆ ಬೆಲೆಯೇ ಇಲ್ಲವೆಂದು ಒಪ್ಪಿಕೊಂಡಂತಾಗುತ್ತದೆ.

ವೆಚ್ಚದ ನಾಲ್ಕು ಭಾಗಗಳು

ಮೊದಲನೆಯದು ಸಾಮಗ್ರಿ. ಬಹುಪಾಲು ಬತ್ತಿಗಳಿಗೆ ಬಳಸುವ ಪ್ಯಾರಾಫಿನ್ ಮೇಣ ಕಚ್ಚಾ ತೈಲದ ಶುದ್ಧೀಕರಣದಲ್ಲಿ ದೊರೆಯುವ ಪದಾರ್ಥ. ಅದರ ಬೆಲೆಯಲ್ಲಿ ಏರಿಳಿತವಾಗುತ್ತಿರುವುದರಿಂದ, ಹಳೆಯ ದಾಸ್ತಾನಿನ ಬೆಲೆಯನ್ನಲ್ಲ, ಮುಂದಿನ ಸಲ ಕೊಳ್ಳಬೇಕಾದ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಷೇಮ. ಗಟ್ಟಿತನಕ್ಕಾಗಿ ಸೇರಿಸುವ ಸ್ಟಿಯರಿಕ್ ಆಮ್ಲ, ಬಣ್ಣ, ಸುಗಂಧ ತೈಲ, ಬತ್ತಿಯ ದಾರ, ಪೆಟ್ಟಿಗೆ, ಚೀಟಿ ಇವೆಲ್ಲವೂ ಸಾಮಗ್ರಿಯೇ. ಒಂದು ಅಚ್ಚಿಗೆ ಎಷ್ಟು ಮೇಣ ಬೇಕೆಂಬುದನ್ನು ತಿಳಿಯಲು ಸರಳ ಉಪಾಯವಿದೆ. ಅಚ್ಚಿನಲ್ಲಿ ನೀರು ತುಂಬಿ ಆ ನೀರನ್ನು ತೂಗಬೇಕು. ಮೇಣ ನೀರಿಗಿಂತ ಹಗುರವಾದುದರಿಂದ, ನೀರಿನ ತೂಕದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮೇಣ ಸಾಕಾಗುತ್ತದೆ. ಬಳಸುವ ಮುನ್ನ ಅಚ್ಚನ್ನು ಚೆನ್ನಾಗಿ ಒಣಗಿಸಬೇಕೆಂಬುದನ್ನು ಮರೆಯಬಾರದು.

ಎರಡನೆಯದು ಸಾಧನಗಳ ಸವಕಳಿ ಮತ್ತು ಇಂಧನ. ಸಿಲಿಕೋನ್ ಅಚ್ಚು ಒಮ್ಮೆ ಕೊಂಡರೆ ಶಾಶ್ವತವಲ್ಲ. ಬಿಸಿ ಮೇಣವನ್ನು ಮತ್ತೆ ಮತ್ತೆ ಹೊಯ್ದಂತೆ ಅದರ ಅಂಚು ಮಸಕಾಗುತ್ತದೆ, ಕೊನೆಗೆ ಹರಿಯುತ್ತದೆ. ಅಚ್ಚಿನ ಬೆಲೆಯನ್ನು ಅದು ಕೊಡಬಲ್ಲ ಎರಕಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರತಿ ಬತ್ತಿಯ ಮೇಲೆ ಬೀಳುವ ಹೊರೆ ತಿಳಿಯುತ್ತದೆ.

ಮೂರನೆಯದು ದುಡಿಮೆ. ಮೇಣ ಕರಗಿಸುವುದು, ಹೊಯ್ಯುವುದು, ಆರುವಾಗ ಮೇಣ ಕುಗ್ಗಿ ಉಂಟಾಗುವ ಗುಳಿಯನ್ನು ಮತ್ತೆ ತುಂಬುವುದು, ಅಂಚು ಸವರುವುದು, ಪೆಟ್ಟಿಗೆಗೆ ತುಂಬುವುದು ಇವು ಕಣ್ಣಿಗೆ ಕಾಣುವ ಕೆಲಸಗಳು. ಸಾಮಗ್ರಿ ತರಲು ಪೇಟೆಗೆ ಹೋಗಿ ಬರುವುದು, ಪಾತ್ರೆ ಶುಚಿ ಮಾಡುವುದು, ಲೆಕ್ಕ ಬರೆಯುವುದು, ಅಂಗಡಿಗೆ ತಲುಪಿಸುವುದು ಕಾಣದ ಕೆಲಸಗಳು. ಎರಡಕ್ಕೂ ಗಂಟೆಯ ಲೆಕ್ಕವಿರಬೇಕು. ಮೇಣ ಆರುವವರೆಗಿನ ಸಮಯದಲ್ಲಿ ಬೇರೆ ಮನೆಗೆಲಸ ಮಾಡಿದ್ದರೆ ಅದನ್ನು ಸೇರಿಸಬೇಕಾಗಿಲ್ಲ. ಸ್ವಂತ ದುಡಿಮೆಗೆ ಎಷ್ಟು ಕೂಲಿ ಹಾಕಬೇಕೆಂಬ ಪ್ರಶ್ನೆಗೆ ಒಂದು ಸರಳ ಪರೀಕ್ಷೆಯಿದೆ: ಇದೇ ಕೆಲಸವನ್ನು ಬೇರೊಬ್ಬರಿಂದ ಮಾಡಿಸಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತು? ಆ ರಾಜ್ಯದ ಕನಿಷ್ಠ ವೇತನದ ದರಕ್ಕಿಂತ ಅದು ಕಡಿಮೆಯಾಗಬಾರದು.

ನಾಲ್ಕನೆಯದು ನಷ್ಟ. ಅಚ್ಚಿನಿಂದ ಬಿಡಿಸುವಾಗ ಮುರಿದ ಎಸಳು, ಗಾಳಿಗುಳ್ಳೆ, ಬೆರೆತುಹೋದ ಬಣ್ಣ ಇವು ತಪ್ಪಿದ್ದಲ್ಲ. ಕೆಟ್ಟ ಬತ್ತಿಯನ್ನು ಮತ್ತೆ ಕರಗಿಸಬಹುದಾದುದರಿಂದ ನಷ್ಟವೇ ಇಲ್ಲವೆಂಬ ಭಾವನೆ ಸಾಮಾನ್ಯ. ಮೇಣವೇನೋ ಮರಳಿ ದೊರೆಯುತ್ತದೆ; ಅದಕ್ಕಾಗಿ ವೆಚ್ಚವಾದ ಸಮಯ, ದಾರ ಮತ್ತು ಇಂಧನ ಮರಳುವುದಿಲ್ಲ.

ಒಂದು ಉದಾಹರಣೆ

ಲೆಕ್ಕದ ಕ್ರಮವನ್ನು ತೋರಿಸುವ ಸಲುವಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಕಲ್ಪಿತ ದರಗಳು. ತಯಾರಿಸುವವರು ತಮ್ಮ ಊರಿನ ದರಗಳನ್ನು ಇವುಗಳ ಸ್ಥಾನದಲ್ಲಿ ಹಾಕಿಕೊಳ್ಳಬೇಕು.

ತಲಾ 100 ಗ್ರಾಂ ತೂಕದ 50 ಕಮಲಗಳನ್ನು ಎರಕ ಹೊಯ್ದಾಗ 45 ಮಾರಾಟಕ್ಕೆ ಯೋಗ್ಯವಾದವೆಂದು ಭಾವಿಸೋಣ. ಕಿಲೋಗ್ರಾಂಗೆ 160 ರೂ.ನಂತೆ 5 ಕಿಲೋಗ್ರಾಂ ಮೇಣಕ್ಕೆ 800 ರೂ.; ಸ್ಟಿಯರಿಕ್ ಆಮ್ಲ, ಬಣ್ಣ ಮತ್ತು ಸುಗಂಧಕ್ಕೆ 350 ರೂ.; ದಾರಕ್ಕೆ 100 ರೂ.; ತಲಾ 9 ರೂ.ನಂತೆ 45 ಪೆಟ್ಟಿಗೆಗಳಿಗೆ 405 ರೂ.; ಇಂಧನಕ್ಕೆ 65 ರೂ.; ಅಚ್ಚಿನ ಸವಕಳಿಗೆ 100 ರೂ. ಒಟ್ಟು 1,820 ರೂ. ಮುರಿದ ಐದು ಬತ್ತಿಗಳಿಂದ ಮರಳಿ ದೊರೆತ ಮೇಣದ ಬೆಲೆ 80 ರೂ. ಕಳೆದರೆ ಉಳಿಯುವುದು 1,740 ರೂ. ಕಾಣುವ ಕೆಲಸಕ್ಕೆ 10 ಗಂಟೆ, ಕಾಣದ ಕೆಲಸಕ್ಕೆ 2 ಗಂಟೆ, ಒಟ್ಟು 12 ಗಂಟೆಗಳ ದುಡಿಮೆಗೆ ಗಂಟೆಗೆ 80 ರೂ.ನಂತೆ 960 ರೂ. ಎರಡೂ ಸೇರಿ 2,700 ರೂ. ಇದನ್ನು 50ರಿಂದಲ್ಲ, ಮಾರಾಟವಾಗಬಲ್ಲ 45ರಿಂದ ಭಾಗಿಸಬೇಕು. ಆಗ ಒಂದು ಕಮಲದ ನಿಜವಾದ ವೆಚ್ಚ 60 ರೂ. ಎಂದು ತಿಳಿಯುತ್ತದೆ.

ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಇದೇ ಕಮಲದ ವೆಚ್ಚ 39 ರೂ.ಗಿಂತ ಕಡಿಮೆ ಎಂದು ತೋರುತ್ತದೆ. ಆ ಭರವಸೆಯ ಮೇಲೆ 45 ರೂ.ಗೆ ಮಾರಿದವರು ಒಂದೊಂದರಲ್ಲೂ 6 ರೂ. ಲಾಭ ಬಂತೆಂದು ಸಂತೋಷಪಡುತ್ತಾರೆ. ವಾಸ್ತವದಲ್ಲಿ 45 ಕಮಲಗಳಿಂದ ಬಂದ 2,025 ರೂ.ಗಳಲ್ಲಿ 1,740 ರೂ. ಕಳೆದು ಕೈಯಲ್ಲಿ ಉಳಿಯುವುದು 285 ರೂ. ಮಾತ್ರ. ಹನ್ನೆರಡು ಗಂಟೆಗಳ ದುಡಿಮೆಗೆ ಇದನ್ನು ಹಂಚಿದರೆ ಗಂಟೆಗೆ 24 ರೂ. ಕೂಡ ಬರುವುದಿಲ್ಲ. ಲಾಭವೆಂದು ಕರೆದದ್ದು ತಮ್ಮದೇ ಕೂಲಿಯ ಒಂದು ಚಿಕ್ಕ ಚೂರು.

ಸಗಟು ಬೆಲೆ ಮತ್ತು ಚಿಲ್ಲರೆ ಬೆಲೆ

ವೆಚ್ಚ 60 ರೂ. ಎಂದ ಮಾತ್ರಕ್ಕೆ ಅದೇ ಬೆಲೆಯಲ್ಲ. ಹೊಸ ಅಚ್ಚು ಕೊಳ್ಳಲು, ಹಬ್ಬಗಳಿಲ್ಲದ ತಿಂಗಳುಗಳನ್ನು ದಾಟಲು, ದೆಹಲಿ ಅಥವಾ ಹೈದರಾಬಾದಿನ ಬೇಸಿಗೆಯಲ್ಲಿ ಮೆತ್ತಗಾಗಿ ಬಾಗಿದ ದಾಸ್ತಾನಿನ ನಷ್ಟವನ್ನು ಭರಿಸಲು ಸ್ವಲ್ಪ ಮಿಗುತಾಯ ಅಗತ್ಯ. ವೆಚ್ಚದ ಮೇಲೆ ಶೇಕಡ 20 ಸೇರಿಸಿದರೆ 72 ರೂ. ಆಗುತ್ತದೆ. ಅಂಗಡಿಗೆ ಕೊಡುವ ಸಗಟು ಬೆಲೆ ಇದು.

ಅಂಗಡಿಯವರಿಗೂ ಬಾಡಿಗೆ, ವಿದ್ಯುತ್ತು, ನೌಕರರ ಸಂಬಳ ಇರುತ್ತವೆ. ಅವರು ಚಿಲ್ಲರೆ ಬೆಲೆಯಲ್ಲಿ ಶೇಕಡ 40ರಷ್ಟನ್ನು ತಮ್ಮ ಪಾಲೆಂದು ಕೇಳಿದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಶೇಕಡ 40 ಎಂಬುದು ಯಾವುದರ ಮೇಲೆ ಎಂಬುದೇ ಮುಖ್ಯ. 72 ರೂ.ಗೆ ಶೇಕಡ 40 ಕೂಡಿಸಿ 100 ರೂ. 80 ಪೈಸೆ ಎಂದು ಬೆಲೆ ನಿಗದಿ ಮಾಡುವುದು ಸಾಮಾನ್ಯವಾಗಿ ಆಗುವ ತಪ್ಪು. ಆ ಬೆಲೆಯಲ್ಲಿ ಅಂಗಡಿಯವರು ಶೇಕಡ 40 ತೆಗೆದುಕೊಂಡರೆ ತಯಾರಿಸಿದವರಿಗೆ ಸಿಗುವುದು ಸುಮಾರು 60 ರೂ. ಮಾತ್ರ. ಮಿಗುತಾಯವೆಲ್ಲ ಮಾಯವಾಗುತ್ತದೆ. ಸರಿಯಾದ ಕ್ರಮವೆಂದರೆ, ತಯಾರಿಸಿದವರ 72 ರೂ. ಚಿಲ್ಲರೆ ಬೆಲೆಯ ಶೇಕಡ 60 ಆಗುವಂತೆ ನೋಡಿಕೊಳ್ಳುವುದು. ಆಗ ಚಿಲ್ಲರೆ ಬೆಲೆ 120 ರೂ.

ಜಾತ್ರೆಯಲ್ಲೋ ವಸತಿ ಸಂಘದ ಮೇಳದಲ್ಲೋ ತಾವೇ ಮಳಿಗೆ ಹಾಕಿ ಮಾರುವವರು 72 ರೂ.ಗೆ ಮಾರಬೇಕೆಂದಿಲ್ಲ. ಆಗ ಮಳಿಗೆಯ ಬಾಡಿಗೆ, ಸಾಗಾಟ, ದಿನವಿಡೀ ನಿಂತು ಮಾರುವ ಶ್ರಮ ಅವರದೇ ಆಗಿರುವುದರಿಂದ ಅಂಗಡಿಯ ಪಾಲೂ ಅವರಿಗೇ ಸಲ್ಲುತ್ತದೆ. ಅದಲ್ಲದೆ, ಅಂಗಡಿಯಲ್ಲಿ 120 ರೂ.ಗೆ ಇರುವ ವಸ್ತುವನ್ನು ಹೊರಗೆ ಅರ್ಧ ಬೆಲೆಗೆ ಮಾರಿದರೆ ಆ ಅಂಗಡಿ ಮುಂದೆ ಸರಕು ತೆಗೆದುಕೊಳ್ಳಲಾರದು.

ಸಾಲದ ಮೇಲೆ ಸರಕು ಮಾರುವವರು ತಿಳಿದಿರಬೇಕಾದ ವಿಷಯವೊಂದಿದೆ. ಉದ್ಯಮ್ ನೋಂದಣಿ ಪಡೆದ ಕಿರು ಮತ್ತು ಸಣ್ಣ ಉತ್ಪಾದಕರಿಂದ ಸರಕು ಕೊಂಡವರು, ಒಪ್ಪಂದದಲ್ಲಿ ಅವಧಿ ಇಲ್ಲದಿದ್ದರೆ 15 ದಿನಗಳೊಳಗೆ, ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿ ಮಾಡಬೇಕೆಂದು 2006ರ ಕಾಯಿದೆ ವಿಧಿಸುತ್ತದೆ. ತಡವಾದರೆ ಬಡ್ಡಿ ಕೊಡಬೇಕಾಗುತ್ತದೆ. ಈ ನೋಂದಣಿ ಉಚಿತ. ಆದುದರಿಂದ ಸರಕು ಕೊಡುವಾಗ ದಿನಾಂಕವಿರುವ ಬಿಲ್ಲು ಬರೆದುಕೊಡುವುದು ಅವಶ್ಯ.

ತೆರಿಗೆ ಮತ್ತು ಮುದ್ರಿತ ಬೆಲೆ

ಮೇಣದ ಬತ್ತಿಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ ಶೇಕಡ 5ಕ್ಕೆ ಇಳಿಸಲಾಗಿದೆ. ಸರಕು ಮಾರುವವರ ವಾರ್ಷಿಕ ವಹಿವಾಟು ಹೆಚ್ಚಿನ ರಾಜ್ಯಗಳಲ್ಲಿ 40 ಲಕ್ಷ ರೂ., ತೆಲಂಗಾಣವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ 20 ಲಕ್ಷ ರೂ. ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಾಯಿತ ಅಂಗಡಿಯ ಮೂಲಕ ಮಾರಾಟವಾದಾಗ ತೆರಿಗೆ ಸೇರುತ್ತದೆ. ಮೇಲಿನ ಉದಾಹರಣೆಯಲ್ಲಿ 120 ರೂ.ಗೆ 6 ರೂ. ಸೇರಿ 126 ರೂ. ಆಗುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸಬೇಕಾದುದು ಎಲ್ಲ ತೆರಿಗೆಗಳೂ ಸೇರಿದ ಈ ಗರಿಷ್ಠ ಚಿಲ್ಲರೆ ಬೆಲೆಯನ್ನು. ಪೊಟ್ಟಣ ಕಟ್ಟಿ ಮಾರುವ ವಸ್ತುವಿನ ಮೇಲೆ ಬೆಲೆಯ ಜೊತೆಗೆ ವಸ್ತುವಿನ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ದೂರು ನೀಡಲು ಸಂಪರ್ಕ ವಿವರ ಇವನ್ನೂ 2011ರ ನಿಯಮಗಳಂತೆ ನಮೂದಿಸಬೇಕು. ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ನೀಡಬಹುದು.

ಮಾರುಕಟ್ಟೆ ಒಪ್ಪದಿದ್ದರೆ

ಲೆಕ್ಕ ಎಷ್ಟೇ ಸರಿಯಾಗಿದ್ದರೂ ಕೊಳ್ಳುವವರು ಆ ಬೆಲೆ ಕೊಡಲು ಸಿದ್ಧರಿಲ್ಲದೆ ಹೋಗಬಹುದು. ಆಗ ಮೊದಲು ಕೈ ಹಾಕುವುದು ಕೂಲಿಗೆ. ಅದು ಕೊನೆಯದಾಗಿರಬೇಕು. ಅಚ್ಚುಗಳ ಸಂಖ್ಯೆ ಹೆಚ್ಚಿಸಿ ಒಂದೇ ಕರಗಿಸುವಿಕೆಯಲ್ಲಿ ಹೆಚ್ಚು ಎರಕ ಹೊಯ್ದರೆ ಪ್ರತಿ ಬತ್ತಿಗೆ ತಗಲುವ ಸಮಯ ಇಳಿಯುತ್ತದೆ. ಎರಡು ಬಣ್ಣದ ಬದಲು ಒಂದೇ ಬಣ್ಣ, ದುಬಾರಿ ಪೆಟ್ಟಿಗೆಯ ಬದಲು ಕಾಗದದ ಹೊದಿಕೆ, 100 ಗ್ರಾಂ ಬದಲು 70 ಗ್ರಾಂ ತೂಕದ ಕಮಲ ಇವೆಲ್ಲವೂ ವೆಚ್ಚವನ್ನು ತಗ್ಗಿಸುವ ಪ್ರಾಮಾಣಿಕ ಮಾರ್ಗಗಳು. ಅಷ್ಟಾದರೂ ಬೆಲೆ ಹೊಂದದಿದ್ದರೆ ಆ ವಿನ್ಯಾಸವನ್ನು ಕೈಬಿಟ್ಟು ಬೇರೆಯದನ್ನು ಆರಿಸಿಕೊಳ್ಳುವುದೇ ವಿವೇಕ.

ನ್ಯಾಯವಾದ ಬೆಲೆ ಕೊಳ್ಳುವವರಿಗೂ ನ್ಯಾಯವಾಗಿರಬೇಕು. ಹರಕೆಯ ವಸ್ತುವನ್ನು ಕೊಳ್ಳುವವರು ಚೌಕಾಶಿ ಮಾಡಲು ಹಿಂಜರಿಯುವುದು ಸಹಜ. ಅವರ ಸಂಕಟವನ್ನು ನೋಡಿ ಬೆಲೆ ಏರಿಸುವುದು ವ್ಯಾಪಾರವೆನಿಸದು. ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವುದು ಇದಕ್ಕೆ ಸುಲಭ ಪರಿಹಾರ. ಉರಿಸಲೆಂದು ಮಾರುವ ಬತ್ತಿ ಸರಿಯಾಗಿ ಉರಿಯಬೇಕು. ಅದರ ದಪ್ಪಕ್ಕೆ ತಕ್ಕ ದಾರವಿರಬೇಕು. ಒಣ ಹೂವು, ರಿಬ್ಬನ್ ಮುಂತಾದ ಅಲಂಕಾರ ಜ್ವಾಲೆಗೆ ತಾಕದಂತಿರಬೇಕು.

ದೆಹಲಿಯಲ್ಲಿ ಬ್ಲೈಂಡ್ ರಿಲೀಫ್ ಅಸೋಸಿಯೇಷನ್ ದೀಪಾವಳಿಗೆ ಮುನ್ನ ನಡೆಸುವ ಮೇಳದಲ್ಲಿ ದೃಷ್ಟಿಹೀನರು ತಯಾರಿಸಿದ ಮೇಣದ ಬತ್ತಿಗಳು ಮಾರಾಟವಾಗುತ್ತವೆ. ಮಹಾಬಳೇಶ್ವರದಲ್ಲಿ ದೃಷ್ಟಿಹೀನ ಉದ್ಯಮಿ ಭಾವೇಶ್ ಭಾಟಿಯಾ ಅವರು ಕಟ್ಟಿದ ಮೇಣದ ಬತ್ತಿಯ ಉದ್ಯಮ ಅನೇಕ ದೃಷ್ಟಿಹೀನರಿಗೆ ಉದ್ಯೋಗ ಒದಗಿಸಿದೆ. ಇಂಥ ಬತ್ತಿಗಳನ್ನು ಕರುಣೆಯಿಂದ ಕೊಂಡವರು ಒಮ್ಮೆ ಕೊಳ್ಳುತ್ತಾರೆ. ವಸ್ತು ಚೆನ್ನಾಗಿದೆಯೆಂದು ತಕ್ಕ ಬೆಲೆ ಕೊಟ್ಟು ಕೊಂಡವರು ಮರುವರ್ಷವೂ ಬರುತ್ತಾರೆ. ಕೈಯಿಂದ ದುಡಿದು ಬದುಕುವವರಿಗೆ ಬೇಕಾಗಿರುವುದು ಈ ಎರಡನೆಯ ಬಗೆಯ ಗ್ರಾಹಕರು.

ಒಂದು ನೋಟುಪುಸ್ತಕ, ತಕ್ಕಡಿ ಮತ್ತು ಗಡಿಯಾರ ಇದ್ದರೆ ಮೇಲಿನ ಲೆಕ್ಕವನ್ನು ಯಾರಾದರೂ ಮಾಡಬಹುದು. ಮೇಣದ ಬೆಲೆ, ದಾರದ ಬೆಲೆ ಬರೆಯುವ ಪುಟದಲ್ಲಿಯೇ ತಮ್ಮ ದುಡಿಮೆಯ ಗಂಟೆಗಳಿಗೂ ಒಂದು ಸಾಲು ಇರಲಿ. ಆ ಸಾಲು ಖಾಲಿ ಉಳಿದರೆ ಉಳಿದ ಲೆಕ್ಕವೆಲ್ಲ ತಪ್ಪಾಗುತ್ತದೆ.